ಓಕ್‌ಲ್ಯಾಂಡ್ ಕೊಲಿಸಿಯಂನಲ್ಲಿ ಕ್ರಿಕೆಟ್ ನೋಡ್ಕೊಂಡ್ ಬಂದ್ವಿ, ಮುಂಚೆ ಅಲ್ಲಿದ್ದ ಬೇಸ್‌ಬಾಲ್ ಟೀಮ್ ಕಥೆ ಯಾರಿಗಾದ್ರೂ ಗೊತ್ತಾ?

ಡಬ್ಲಿನ್_ದೋಸೆ
ಎಲ್ರಿಗೂ ನಮಸ್ಕಾರ. 2025ರ ಜೂನ್ 12ರ ಎಂಎಲ್‌ಸಿ (ಅಮೆರಿಕದ ಟಿ20 ಲೀಗ್) ಮೊದಲ್ನೇ ಮ್ಯಾಚ್‌ಗೆ ಫ್ಯಾಮಿಲಿ ಸಮೇತ ಹೋಗಿದ್ವಿ, ಫಿನ್ ಆಲನ್ 51 ಬಾಲಿಗೆ 151 ಹೊಡೆದ್ನಲ್ಲ ಅದೇ ಮ್ಯಾಚು. 19 ಸಿಕ್ಸು! ಟಿ20ಲಿ ಒಂದೇ ಇನಿಂಗ್ಸಲ್ಲಿ ಅಷ್ಟು ಸಿಕ್ಸ್ ಅದುವರೆಗೂ ಯಾರೂ ಹೊಡೆದಿರ್ಲಿಲ್ವಂತೆ. ಆಟ ಸಖತ್ತಾಗಿತ್ತು, ಆದ್ರೆ ನಂಗೆ ಕುತೂಹಲ ಆಗಿದ್ದು ಸ್ಟೇಡಿಯಂ ಬಗ್ಗೆ. ಬಾರ್ಟ್ ರೈಲು ಇಳ್ದು ಆ ಉದ್ದ ಬ್ರಿಡ್ಜ್ ದಾಟಿ ಒಳಗೆ ಹೋದ್ರೆ ಬರೀ ಕಾಂಕ್ರೀಟು, ಒಂದು ಕಡೆ ಮಾತ್ರ ಸೀಟುಗಳು ಗೋಡೆ ಥರ ಆಕಾಶಕ್ಕೆ ಎದ್ದಿವೆ, ಅಲ್ಲಿ ಯಾರೂ ಕೂತಿಲ್ಲ. ಪಕ್ಕದಲ್ಲಿದ್ದ ಅಮೆರಿಕದ ಅಜ್ಜ ಒಬ್ರು ಹಸಿರು ಟೋಪಿ ಹಾಕ್ಕೊಂಡು ಬಂದಿದ್ರು, ಕ್ರಿಕೆಟ್ ಒಂದು ಅಕ್ಷರ ಗೊತ್ತಿಲ್ಲ, ಸುಮ್ನೆ ಸ್ಟೇಡಿಯಂ ನೋಡೋಕೆ ಬಂದಿದೀನಿ ಅಂದ್ರು. ಏನ್ ಕಥೆ ಇದು? ಟೀಮ್ ಯಾಕೆ ಹೋಯ್ತು, ಸ್ಟೇಡಿಯಂ ಹಳೇದಾಯ್ತು ಅಂತಾನಾ?

ಹೇವರ್ಡ್_ಹಳಬ
ಗಾಯದ ಮೇಲೆ ಬರೆ ಎಳೆದ್ಬಿಟ್ಟೆ ತಂಗಿ 😀 ಆ ಟೀಮ್ ಹೆಸರು ಅಥ್ಲೆಟಿಕ್ಸ್, ನಾವೆಲ್ಲ ಏಸ್ ಅಂತೀವಿ. 1968ರಿಂದ 2024ರವರೆಗೂ 57 ಸೀಸನ್ ಅಲ್ಲೇ ಆಡಿದ್ರು, ವರ್ಲ್ಡ್ ಸೀರೀಸ್, ಅಂದ್ರೆ ವರ್ಷದ ಕಡೇ ಚಾಂಪಿಯನ್‌ಶಿಪ್, ನಾಲ್ಕು ಸಲ ಗೆದ್ರು, 1972, 73, 74 ಸಾಲಾಗಿ ಮೂರು ಆಮೇಲೆ 1989. ಕಡೇ ಮ್ಯಾಚು 2024 ಸೆಪ್ಟೆಂಬರ್ 26, ಟೆಕ್ಸಾಸ್ ರೇಂಜರ್ಸ್ ಮೇಲೆ 3–2ರಿಂದ ಗೆದ್ರು, 46,889 ಜನ ಬಂದಿದ್ರು, ಅದ್ರಲ್ಲಿ ನಾನೂ ನನ್ನ ಮಗನೂ ಇದ್ವಿ.

ನೀನು ನೋಡಿದ ಗೋಡೆ ಇದ್ಯಲ್ಲ, ಅದಕ್ಕೆ ಮೌಂಟ್ ಡೇವಿಸ್ ಅಂತ ಅಡ್ಡಹೆಸರು. ರೈಡರ್ಸ್ ಅಂತ ಅಮೆರಿಕನ್ ಫುಟ್‌ಬಾಲ್ ಟೀಮು ಲಾಸ್ ಏಂಜಲೀಸ್‌ಗೆ ಓಡಿಹೋಗಿದ್ದೋರು 1995ರಲ್ಲಿ ವಾಪಸ್ ಬರ್ತೀವಿ ಅಂದಾಗ ಅವರ ಓನರ್ ಆಲ್ ಡೇವಿಸ್‌ನ ಮೆಚ್ಚಿಸೋಕೆ ಸಾರ್ವಜನಿಕರ ದುಡ್ಡಲ್ಲಿ ಸಾಲ ಎತ್ತಿ ಕಟ್ಟಿದ್ದು ಅದು. ಅದಕ್ಕೆ ಮುಂಚೆ ಆ ಕಡೆ ತೆರೆದೇ ಇತ್ತು, ಹೋಮ್ ಪ್ಲೇಟ್ (ಬ್ಯಾಟರ್ ನಿಲ್ಲೋ ಜಾಗ) ಹಿಂದೆ ಕೂತ್ರೆ ಎದುರಿಗೆ ಓಕ್‌ಲ್ಯಾಂಡ್ ಬೆಟ್ಟ ಪೂರ್ತಿ ಕಾಣ್ತಿತ್ತು, ಸಂಜೆ ಬಿಸಿಲಲ್ಲಿ ಬಂಗಾರದ ಬಣ್ಣ. ನಾನು ಬಂದ ಹೊಸದ್ರಲ್ಲಿ ಅದನ್ನ ನೋಡಿದೀನಿ, ಆಮೇಲೆ ಅಲ್ಲಿ ಎದ್ದಿದ್ದು ಈ ಕಾಂಕ್ರೀಟು. ಕಟ್ಟೋ ಕೆಲಸ ಮುಗೀದೇ ಇದ್ದಿದ್ರಿಂದ 1996ರ ಸೀಸನ್‌ನ ಮೊದಲ ಆರು ಹೋಮ್ ಮ್ಯಾಚ್ ಏಸ್‌ನೋರು ಎಲ್ಲಿ ಆಡಿದ್ರು ಗೊತ್ತಾ? ಲಾಸ್ ವೇಗಸ್‌ನಲ್ಲಿ, ಕ್ಯಾಶ್‌ಮನ್ ಫೀಲ್ಡ್ ಅನ್ನೋ ಸಣ್ಣ ಮೈದಾನದಲ್ಲಿ. ಈಗ ಪರ್ಮನೆಂಟಾಗಿ ಅದೇ ಊರಿಗೆ ಹೋಗ್ತಿದಾರೆ, ಅದನ್ನ ನೆನೆಸ್ಕೊಂಡ್ರೆ ಮೈ ಉರಿಯುತ್ತೆ. ರೈಡರ್ಸ್ ಇದ್ದಾರಾ ಅಂದ್ರೆ ಅವರೂ ಇಲ್ಲ, 2019ರ ಸೀಸನ್ ಆದ್ಮೇಲೆ ಅವರೂ ವೇಗಸ್‌ಗೇ ಹೋದ್ರು. ಗೋಡೆ ಮಾತ್ರ ನಮಗೆ ಉಳೀತು.

ಹಳೇದಾಯ್ತು ಅಂತ ಹೋದ್ರಾ ಅಂತ ಕೇಳಿದ್ಯಲ್ಲ, ಅವರು ಹೇಳೋದು ಅದೇ. ನಾನು ಒಪ್ಪಲ್ಲ.

ಅಂಕಿಅಂಶ_ಅಯ್ಯ
ಹಳಬ ಸಾರ್, ನೀವು ಭಾವುಕರಾಗ್ತೀರಾ ಅಂತ ಗೊತ್ತಿತ್ತು. ಸ್ಟೇಡಿಯಂ ನಿಜವಾಗ್ಲೂ ಕೆಟ್ಟದಾಗಿತ್ತು ಸಾರ್, ಅದನ್ನ ಮುಚ್ಚಿಡಬೇಡಿ. ಮೈದಾನ ಸಮುದ್ರ ಮಟ್ಟಕ್ಕಿಂತ ಕೆಳಗಿದೆ, ನೆಲ ಅಗೆದು ಬಟ್ಟಲು ಥರ ಕಟ್ಟಿದಾರೆ, ಡ್ರೈನೇಜ್ ವಾಪಸ್ ಹೊಡೆಯುತ್ತೆ. 2013 ಜೂನ್‌ನಲ್ಲಿ ಮ್ಯಾಚ್ ಮುಗಿದ ಮೇಲೆ ಎರಡೂ ಟೀಮ್‌ಗಳ ಸ್ನಾನದ ರೂಮಿಗೆ ಕೊಳಚೆ ನೀರು ನುಗ್ಗಿ ಆಟಗಾರರು, ಕೋಚು ಎಲ್ಲರೂ ಟವೆಲ್ ಹಿಡ್ಕೊಂಡು ಮೇಲಿದ್ದ ರೈಡರ್ಸ್ ಲಾಕರ್ ರೂಮಿಗೆ ಹತ್ಬೇಕಾಯ್ತು. ಕೋಟಿ ಕೋಟಿ ಸಂಬಳದ ಆಟಗಾರರು ಸಾರ್!

ಆಟದ ಪ್ರಕಾರ ನೋಡಿದ್ರೂ ವಿಚಿತ್ರ. ಎರಡೂ ಕಡೆ ಫೌಲ್ ಏರಿಯಾ (ಗೆರೆ ಆಚೆ ಇರೋ ಜಾಗ) ಎಷ್ಟು ದೊಡ್ಡದು ಅಂದ್ರೆ ಬೇರೆ ಕಡೆ ಸೀಟಿಗೆ ಬೀಳೋ ಬಾಲ್ ಇಲ್ಲಿ ಆರಾಮಾಗಿ ಕ್ಯಾಚ್ ಆಗುತ್ತೆ, ಬ್ಯಾಟರ್‌ಗೆ ಶಾಪ, ಬಾಲ್ ಎಸೆಯೋ ಪಿಚರ್‌ಗೆ ವರ. ಫುಟ್‌ಬಾಲು ಬೇಸ್‌ಬಾಲು ಎರಡಕ್ಕೂ ಆಗ್ಲಿ ಅಂತ ಕಟ್ಟಿದ ಸ್ಟೇಡಿಯಂಗಳ ಹಣೇಬರಹವೇ ಇಷ್ಟು, ಎರಡಕ್ಕೂ ಸರಿ ಹೋಗಲ್ಲ. ಎಂಎಲ್‌ಬಿ (ಬೇಸ್‌ಬಾಲ್ ಮೇಜರ್ ಲೀಗ್) ಟೀಮು ಎನ್‌ಎಫ್‌ಎಲ್ (ಫುಟ್‌ಬಾಲ್ ಲೀಗ್) ಟೀಮು ಒಂದೇ ಮೈದಾನ ಹಂಚ್ಕೊಂಡಿದ್ದು ಕೊನೆಗೆ ದೇಶದಲ್ಲಿ ಇದೊಂದೇ.

ಇನ್ನು ಜನ ಬರ್ತಿದ್ರು ಅಂತೀರಲ್ಲ. 1968 ಮೇ 8ಕ್ಕೆ ಏಸ್ ಪಿಚರ್ ಕ್ಯಾಟ್‌ಫಿಶ್ ಹಂಟರ್ ಮಿನೆಸೋಟಾ ಟೀಮ್ ಮೇಲೆ ಪರ್ಫೆಕ್ಟ್ ಗೇಮ್ ಹಾಕಿದ, ಅಂದ್ರೆ ಎದುರಾಳಿ 27 ಜನ ಬಂದ್ರು 27 ಜನಾನೂ ಔಟು, ಒಬ್ಬನೂ ಬೇಸ್ ಮುಟ್ಲಿಲ್ಲ. ಅಮೆರಿಕನ್ ಲೀಗ್ ರೆಗ್ಯುಲರ್ ಸೀಸನ್‌ನಲ್ಲಿ 1922 ಆದ್ಮೇಲೆ ಮೊದಲ ಸಲ. ನೋಡೋಕೆ ಬಂದೋರು 6,298. 1979 ಏಪ್ರಿಲ್‌ನಲ್ಲಿ ಒಂದು ಮ್ಯಾಚ್‌ಗೆ 653 ಜನ. ಆರುನೂರ ಐವತ್ಮೂರು! ನಮ್ಮೂರ ಲೇಔಟ್ ಕಪ್ ಫೈನಲ್‌ಗೂ ಅದಕ್ಕಿಂತ ಜಾಸ್ತಿ ಸೇರ್ತಾರೆ.

ಹೇವರ್ಡ್_ಹಳಬ
ಅಯ್ಯಾ, ಅಂಕಿ ಕೊಟ್ರೆ ಪೂರ್ತಿ ಕೊಡಪ್ಪ. 1979ರಲ್ಲಿ ಇಡೀ ಸೀಸನ್‌ಗೆ ಬಂದೋರು 3,06,763. ಅದೇ 1990ರಲ್ಲಿ ಬಂದೋರು 29 ಲಕ್ಷ. ಊರು ಅದೇ, ಸ್ಟೇಡಿಯಂ ಅದೇ, ಕೊಳಚೆ ಪೈಪೂ ಅದೇ. ಮಧ್ಯೆ ಬದಲಾಗಿದ್ದು ಏನು? 1980ರಲ್ಲಿ ಫಿನ್ಲೀ ಅನ್ನೋ ಓನರ್ ಹೋಗಿ ಲಿವೈಸ್ ಜೀನ್ಸ್‌ನ ಹಾಸ್ ಮನೆತನ ಟೀಮ್ ತಗೊಂಡ್ರು, ದುಡ್ಡು ಹಾಕಿದ್ರು, ಊರಿನ ಜೊತೆ ಬೆರೆತ್ರು, ಜನ ಬಂದ್ರು. 1995ರಲ್ಲಿ ಅವರು ಮಾರಿದ್ಮೇಲೆ ಆಟಗಾರರಿಗೆ ದುಡ್ಡು ಬಿಚ್ಚೋದು ನಿಂತೋಯ್ತು, 2006ರಲ್ಲಿ ಹೊಸ ಓನರ್‌ಗಳು ಮೇಲಿನ ಡೆಕ್ ಪೂರ್ತಿ ಟಾರ್ಪಲ್ ಹೊದಿಸಿ ಮುಚ್ಚಿದ್ರು. ನಾವೇ ಟಿಕೆಟ್ ಮಾರಲ್ಲ ಅಂತ ಟಾರ್ಪಲ್ ಹಾಕಿ ಆಮೇಲೆ ಜನಾನೇ ಬರಲ್ಲ ಅನ್ನೋದು ಯಾವ ನ್ಯಾಯ.

ಹಾಗಂತ ಹೊಸ ಸ್ಟೇಡಿಯಂ ಬೇಡ ಅಂತ ಯಾರೂ ಹೇಳಿರ್ಲಿಲ್ಲ. ಮೊದ್ಲು ಫ್ರೀಮಾಂಟ್ ಅಂದ್ರು, ಸಿಸ್ಕೋ ಫೀಲ್ಡ್ ಅಂತ ಹೆಸರೂ ಇಟ್ರು, ಲೋಕಲ್ ವಿರೋಧ ಬಂದು 2009ರಲ್ಲಿ ಕೈಬಿಟ್ರು. ಆಮೇಲೆ ಸ್ಯಾನ್ ಹೋಸೆ, ಅಲ್ಲಿ ಜೈಂಟ್ಸ್ ಟೀಮ್‌ನವರು ಇದು ನಮ್ಮ ಏರಿಯಾ ಅಂತ ಅಡ್ಡ ಬಂದ್ರು. ಆಮೇಲೆ ಓಕ್‌ಲ್ಯಾಂಡ್ ಬಂದರಿನ ಹತ್ರ ಹವರ್ಡ್ ಟರ್ಮಿನಲ್. ಅದು ಮಾತುಕತೆಯಲ್ಲಿ ಇರೋವಾಗ್ಲೇ 2023 ಏಪ್ರಿಲ್‌ನಲ್ಲಿ ವೇಗಸ್‌ನಲ್ಲಿ ಜಾಗ ನೋಡಿದೀವಿ ಅಂತ ಅನೌನ್ಸ್ ಮಾಡಿದ್ರು. ಅದೇ ವರ್ಷ ಜೂನ್ 13ಕ್ಕೆ ಫ್ಯಾನ್ಸ್ ರಿವರ್ಸ್ ಬಾಯ್ಕಾಟ್ ಮಾಡಿದ್ರು, ಅಂದ್ರೆ ಮ್ಯಾಚ್‌ಗೆ ಹೋಗದೇ ಇರೋ ಬದ್ಲು ಬೇಕಂತ್ಲೇ ಎಲ್ಲಾರೂ ಹೋಗೋದು, ಹಸಿರು ಟೀಶರ್ಟ್ ಮೇಲೆ "ಸೆಲ್" ಅಂತ ಒಂದೇ ಪದ, 27,759 ಜನ, ಇಡೀ ಸ್ಟೇಡಿಯಂ ಟೀಮ್ ಮಾರ್ರೋ ಅಂತ ಕೂಗ್ತಿತ್ತು. ಅವತ್ತೇ ವೇಗಸ್ ಇರೋ ನೆವಾಡಾ ರಾಜ್ಯದ ಸೆನೆಟ್ ಹೊಸ ಸ್ಟೇಡಿಯಂಗೆ 380 ಮಿಲಿಯನ್ ಡಾಲರ್ ಸರ್ಕಾರಿ ದುಡ್ಡು ಕೊಡೋ ಬಿಲ್ ಪಾಸ್ ಮಾಡ್ತು. ನವೆಂಬರ್‌ನಲ್ಲಿ ಲೀಗ್‌ನ 30 ಟೀಮ್ ಓನರ್‌ಗಳೂ ವೇಗಸ್‌ಗೆ ಹೋಗೋಕೆ ಹೂಂ ಅಂದ್ರು, ಒಬ್ಬನಾದ್ರೂ ಬೇಡ ಅನ್ಲಿಲ್ಲ.

ಡಬ್ಲಿನ್_ದೋಸೆ
ಅಯ್ಯೋ ಇಷ್ಟೆಲ್ಲಾ ಇದ್ಯಾ! ಹಾಗಾದ್ರೆ ಏಸ್ ಮೊದ್ಲಿಂದ ಓಕ್‌ಲ್ಯಾಂಡ್‌ನಲ್ಲೇ ಇತ್ತಾ? 1968ಕ್ಕೆ ಶುರು ಆಗಿದ್ದಾ?

ಫಿಲ್ಲಿ_ಪುಟ್ಟಿ
ಇಲ್ಲ ಅಕ್ಕ, ನಮ್ಮೂರ ಟೀಮು ಅದು!! 1901ರಲ್ಲಿ ಫಿಲಡೆಲ್ಫಿಯಾದಲ್ಲಿ ಶುರು. ಇಲ್ಲೇ 54 ಸೀಸನ್ ಆಡಿದ್ರು, ಐದು ವರ್ಲ್ಡ್ ಸೀರೀಸ್ ಗೆದ್ರು, ಓಕ್‌ಲ್ಯಾಂಡ್‌ಗಿಂತ ಒಂದು ಜಾಸ್ತಿ 😌

ಮೊದಲ ಮೈದಾನ ಕೊಲಂಬಿಯಾ ಪಾರ್ಕ್, ಪೂರ್ತಿ ಮರದ್ದು, ಬ್ರೂವರಿಟೌನ್ ಅನ್ನೋ ಏರಿಯಾದಲ್ಲಿ. ಹೆಸರೇ ಹೇಳುತ್ತಲ್ಲ, ಸುತ್ತ ಬಿಯರ್ ಫ್ಯಾಕ್ಟರಿಗಳು, ಆಟ ನೋಡೋವಾಗ ಬಿಯರ್ ಕುದಿಸೋ ವಾಸನೆ ಫ್ರೀ. ಅಲ್ಲಿ 1908ರವರೆಗೆ ಆಡಿದ್ರು. ಜನ ಹಿಡೀತಿರ್ಲಿಲ್ಲ, ಅದಕ್ಕೆ 1909 ಏಪ್ರಿಲ್ 12ಕ್ಕೆ ಶೈಬ್ ಪಾರ್ಕ್ ಓಪನ್ ಮಾಡಿದ್ರು. ಬೇಸ್‌ಬಾಲ್ ಚರಿತ್ರೆಲಿ ಇದು ದೊಡ್ಡ ವಿಷಯ, ಮೇಜರ್ ಲೀಗ್‌ನಲ್ಲಿ ಉಕ್ಕು ಮತ್ತೆ ಕಾಂಕ್ರೀಟ್‌ನಲ್ಲಿ ಕಟ್ಟಿದ ಮೊದಲ ಬಾಲ್‌ಪಾರ್ಕ್. ಅದಕ್ಕೆ ಮುಂಚೆ ಹೆಚ್ಚಿನವು ಮರದ್ದು, ಬೆಂಕಿ ಬೀಳೋದು ಮಾಮೂಲಿ. ಹೊರಗಿಂದ ನೋಡಿದ್ರೆ ಫ್ರಾನ್ಸ್‌ನ ಅರಮನೆ ಥರ, ಮೂಲೆಲಿ ಗೋಪುರ, ಆ ಗೋಪುರದಲ್ಲಿ ಕಾನೀ ಮ್ಯಾಕ್ ಆಫೀಸು. ಈ ಮನುಷ್ಯ 50 ಸೀಸನ್ ಮ್ಯಾನೇಜರ್ ಆಗಿದ್ದ, 1901ರಿಂದ 1950ರವರೆಗೆ! ಯೂನಿಫಾರ್ಮ್ ಹಾಕ್ತಿರ್ಲಿಲ್ಲ, ಸೂಟು ಟೈ, ಕೈಲಿ ಸ್ಕೋರ್‌ಕಾರ್ಡ್ ಆಡಿಸಿ ಫೀಲ್ಡರ್‌ಗಳನ್ನ ಆ ಕಡೆ ಈ ಕಡೆ ಸರಿಸೋದು.

ನಂಗೆ ತುಂಬಾ ಇಷ್ಟ ಆದ ಕಥೆ ಅಂದ್ರೆ ಗೋಡೆದು. (ಈ ಟೀಮ್‌ಗೂ ಗೋಡೆಗೂ ಏನೋ ನಂಟು.) ರೈಟ್ ಫೀಲ್ಡ್ ಗೋಡೆ 12 ಅಡಿ ಮಾತ್ರ ಇತ್ತು, ಅದ್ರಾಚೆ 20ನೇ ರಸ್ತೆ, ಅಲ್ಲಿ ಸಾಲು ಮನೆಗಳು. ಆ ಮನೆಯೋರು ತಾರಸಿ ಮೇಲೆ ಬೆಂಚ್ ಹಾಕಿ ಟಿಕೆಟ್ ಮಾರೋಕೆ ಶುರು ಮಾಡಿದ್ರು. ವರ್ಲ್ಡ್ ಸೀರೀಸ್ ಟೈಮಲ್ಲಂತೂ ಒಳ್ಳೇ ವ್ಯಾಪಾರ. 1929ರಲ್ಲಿ ಶಿಕಾಗೋ ಕಬ್ಸ್ ಮೇಲೆ ನಾಲ್ಕನೇ ಗೇಮಲ್ಲಿ 8–0 ಹಿಂದೆ ಇದ್ದೋರು ಏಳನೇ ಇನಿಂಗ್‌ನಲ್ಲಿ 10 ರನ್ ಹೊಡೆದು ಗೆದ್ರಲ್ಲ, ಅದನ್ನ ತಾರಸಿ ಮೇಲಿಂದ ನೋಡಿದೋರು ಎಂಥಾ ಅದೃಷ್ಟವಂತರು. ಆಮೇಲೆ ದೇಶಕ್ಕೇ ಆರ್ಥಿಕ ಕುಸಿತ (ಡಿಪ್ರೆಶನ್) ಬಂತು, ದುಡ್ಡಿಲ್ಲ, ಮ್ಯಾಕ್ ಸ್ಟಾರ್‌ಗಳನ್ನೆಲ್ಲ ಮಾರ್ಕೊಂಡ, ಗೇಟ್ ಕಲೆಕ್ಷನ್ ಬಿತ್ತು, ಸಿಟ್ಟು ಬಂದಿದ್ದು ತಾರಸಿ ಮೇಲೆ ಕೂತೋರ ಮೇಲೆ! 1935ರಲ್ಲಿ ಗೋಡೆ ಮೇಲೆ ತಗಡು ಶೀಟ್ ಹೊಡೆದು 30 ಅಡಿಗಿಂತ ಎತ್ತರ ಮಾಡಿದ್ರು. ಜನ ಅದಕ್ಕೆ ಹೊಟ್ಟೆಕಿಚ್ಚಿನ ಬೇಲಿ ಅಂತ್ಲೇ ಕರೆದ್ರು. ಬೀದಿಯೋರು ಆಮೇಲೆ ಟೀಮ್‌ನ ಕ್ಷಮಿಸಲೇ ಇಲ್ಲ ಅಂತಾರೆ.

ಅಂಕಿಅಂಶ_ಅಯ್ಯ
ಪುಟ್ಟಿ ಅವರೇ, ಇದಕ್ಕೆ ಇನ್ನೊಂದು ಕಾರಣ ಸೇರಿಸಿ. ಪೆನ್ಸಿಲ್ವೇನಿಯಾದಲ್ಲಿ ಭಾನುವಾರ ಬೇಸ್‌ಬಾಲ್ ಆಡೋದೇ ಕಾನೂನುಬಾಹಿರ, 1934ರವರೆಗೂ. ಕಾರ್ಖಾನೆ ಕೆಲಸದೋರಿಗೆ ರಜೆ ಇರೋದೇ ಭಾನುವಾರ, ಅವತ್ತು ಗೇಟ್ ಬಂದ್. ನ್ಯೂಯಾರ್ಕ್, ಶಿಕಾಗೋ ಟೀಮ್‌ಗಳು ಭಾನುವಾರ ಹಣ ಎಣಿಸ್ತಿದ್ರೆ ಇವರು ರೈಲು ಹತ್ತಿ ಬೇರೆ ಊರಿಗೆ ಹೋಗಿ ಆಡ್ಬೇಕಿತ್ತು. ಎಲ್ಲಾ ತಪ್ಪು ಓನರ್ ಮೇಲೆ ಹಾಕೋ ಹಳಬ ಸಾರ್ ಇದನ್ನೂ ಗಮನಿಸ್ಬೇಕು.

ಹೇವರ್ಡ್_ಹಳಬ
ಗಮನಿಸಿದೆ ಅಯ್ಯಾ. ಆದ್ರೆ ಶೈಬ್ ಪಾರ್ಕ್‌ಗೆ 1938ರಲ್ಲಿ ಬಾಡಿಗೆಗೆ ಬಂದ ಫಿಲ್ಲೀಸ್ ಟೀಮು ಏಸ್ ಬಿಟ್ಟು ಹೋದ್ಮೇಲೂ 1970ರವರೆಗೆ ಅದೇ ಮೈದಾನದಲ್ಲಿ 16 ಸೀಸನ್ ಆಡ್ತು. ಮೈದಾನ ಹಳೇದಾಗಿ ಟೀಮ್ ಹೋಗಿದ್ರೆ ಬಾಡಿಗೆದಾರ ಹೆಂಗೆ ಉಳ್ಕೊಂಡ?

ಫಿಲ್ಲಿ_ಪುಟ್ಟಿ
ಅದು ನಿಜ ಅಂಕಲ್. ಏಸ್ ಇಲ್ಲಿಂದ ಹೋಗಿದ್ದು ಮನೆ ಜಗಳದಿಂದ. ಮ್ಯಾಕ್‌ಗೆ ವಯಸ್ಸಾಯ್ತು, ಮಕ್ಕಳಲ್ಲಿ ಹಿರಿಯ ಹೆಂಡತಿ ಮಕ್ಕಳು ಒಂದು ಕಡೆ, ಎರಡನೇ ಸಂಸಾರ ಇನ್ನೊಂದು ಕಡೆ, 1950ರಲ್ಲಿ ಹಿರಿಯರಿಬ್ರೂ ಸ್ಟೇಡಿಯಂ ಅಡ ಇಟ್ಟು ಉಳಿದೋರ ಪಾಲು ಕೊಂಡ್ಕೊಂಡ್ರು. ಸಾಲ ತೀರಿಸೋಕೆ ಆಗ್ಲಿಲ್ಲ. 1953ರಲ್ಲಿ ಕಾನೀ ಮ್ಯಾಕ್ ಸ್ಟೇಡಿಯಂ ಅಂತ ಹೆಸರು ಬದಲಾಯಿಸಿದ್ರು, ಮರುವರ್ಷ ಟೀಮ್ ಮಾರಿ ಹೋಯ್ತು. 1954 ಸೆಪ್ಟೆಂಬರ್ 19, ಇಲ್ಲಿ ಏಸ್‌ನ ಕಡೇ ಮ್ಯಾಚು, ನೋಡೋಕೆ ಬಂದೋರು 1,715. ನಿಮ್ಮ 46,889 ಜೊತೆ ಹೋಲಿಸಿ ನೋಡಿ, ನಮ್ಮೋರು ಆಗ್ಲೇ ಕೈ ತೊಳ್ಕೊಂಡಿದ್ರು ಅನ್ಸುತ್ತೆ.

ಹುಬ್ಬಳ್ಳಿ_ಹುಡ್ಗ
ನಮಸ್ಕಾರ್ರಿ ಎಲ್ಲಾರಿಗೂ. ಕಾನ್ಸಸ್ ಸಿಟಿಯಾಗ ಇರಾಂವ ನಾ. ನಡಕಿನ ಕಥಿ ನೀವ್ಯಾರೂ ಹೇಳವಲ್ರಿ. ಫಿಲಡೆಲ್ಫಿಯಾದಿಂದ ಸೀದಾ ಓಕ್‌ಲ್ಯಾಂಡಿಗೆ ಹಾರಿಲ್ರಿ ಆ ಟೀಮು, 1955ರಿಂದ 1967ರ ತನಕ 13 ವರ್ಷ ನಮ್ಮೂರಾಗ ಇತ್ತು. 13 ವರ್ಷದಾಗ ಒಂದ ಸೀಸನ್‌ನೂ ಸೋತಿದ್ದಕ್ಕಿಂತ ಜಾಸ್ತಿ ಗೆಲ್ಲಲಿಲ್ಲ, ಅದಕ್ಕ ಯಾರೂ ನೆನಸೂದಿಲ್ಲ ಕಾಣ್ತದ 😂

ಮೈದಾನ ಮುನಿಸಿಪಲ್ ಸ್ಟೇಡಿಯಂ, 22ನೇ ಬೀದಿ ಬ್ರೂಕ್ಲಿನ್ ಅವೆನ್ಯೂ ಕೂಡೂ ಮೂಲ್ಯಾಗ. 1923ರಾಗ ಕಟ್ಟಿದ್ದು, ಕಟ್ಟಿಸಿದಾಂವ ಬಿಯರ್ ಮಾಲಕ. ಏಸ್ ಬರೂಕಿಂತ ಮೊದಲ ಅದು ಕಾನ್ಸಸ್ ಸಿಟಿ ಮೊನಾರ್ಕ್ಸ್ ಅನ್ನೂ ಟೀಮಿನ ಮನಿ. ಕರಿ ಆಟಗಾರರನ್ನ ಮೇಜರ್ ಲೀಗಿಗೆ ಸೇರಿಸ್ಕೊಳ್ದ ಕಾಲ ಅದು, ಅವರದ ಬ್ಯಾರೆ ನೀಗ್ರೋ ಲೀಗ್ ಇತ್ತು. ಸ್ಯಾಚಲ್ ಪೇಜ್, ಜಾಕಿ ರಾಬಿನ್ಸನ್ ಇಬ್ಬರೂ ಮೊನಾರ್ಕ್ಸ್‌ಗೆ ಆಡ್ಯಾರ. ನನ್ನ ಕೇಳಿದ್ರ ಆ ಮೈದಾನದ ಖರೇ ಇತಿಹಾಸ ಅವರದು, ಏಸ್‌ದು ನಡುವ ಬಂದು ಹೋದದ್ದು ಅಷ್ಟ.

ಟೀಮ್ ತಂದಾಂವ ಆರ್ನಲ್ಡ್ ಜಾನ್ಸನ್. 1954–55ರ ಥಂಡ್ಯಾಗ ಹಳೇ ಸ್ಟೇಡಿಯಂ ಹೆಚ್ಚೂ ಕಮ್ಮಿ ಪೂರಾ ಬಿಚ್ಚಿ ಎರಡನೇ ಡೆಕ್ ಹಾಕಿ ಮತ್ತ ಕಟ್ಟಿದ್ರು, ಮೊದಲನೇ ದಿನ ಮಾಜಿ ಅಧ್ಯಕ್ಷ ಟ್ರೂಮನ್ ಬಂದು ಬಾಲ್ ಒಗದ್ರು. ದಿನಾಂಕ ನೋಡ್ರಿ ಮತ್ತ, ಏಪ್ರಿಲ್ 12, ಪುಟ್ಟಿ ಅವರ ಶೈಬ್ ಪಾರ್ಕ್ ಸುರುವಾದ ದಿನಾನ. ಆ ವರ್ಷ 13 ಲಕ್ಷದ ಮ್ಯಾಲೆ ಜನ ಬಂದ್ರು. ಆದ್ರ ಜಾನ್ಸನ್‌ಗ ನ್ಯೂಯಾರ್ಕ್ ಯಾಂಕೀಸ್ ಟೀಮಿನ ಜೋಡಿ ದೋಸ್ತಿ, ಟೀಮ್ ಕೊಳ್ಳೂ ಮೊದಲ ಯಾಂಕೀ ಸ್ಟೇಡಿಯಂ ಅವಂದ ಆಗಿತ್ತು! ಯಾವ ಹುಡುಗ ಛಲೋ ಆಡ್ತಾನ ಅವನ್ನ ನ್ಯೂಯಾರ್ಕಿಗೆ ಕಳಸೂದು. ರಾಜರ್ ಮಾರಿಸ್ ಹಂಗ ಹೋದಾಂವ, ಅಲ್ಲಿ 1961ರಾಗ 61 ಹೋಮ್ ರನ್ ಹೊಡದ.

1960ರ ಕಡೀಕ ಚಾರ್ಲಿ ಫಿನ್ಲೀ ಬಂದ. ಈ ಮನಶ್ಯಾ ಅಂದ್ರ ಒಂದ ನಾಟಕ ಕಂಪನಿ. ರೈಟ್ ಫೀಲ್ಡ್ ಹಿಂದಿನ ದಿಬ್ಬದ ಮ್ಯಾಲೆ ಕುರಿ ಮೇಯಸಾಕ ಬಿಟ್ಟಿದ್ದ. ಅಂಪೈರ್‌ಗ ಹೊಸ ಬಾಲ್ ಬೇಕಾದ್ರ ನೆಲದಾಗಿಂದ ಒಂದ ಮೆಷಿನ್ ಮೊಲ ಬುಟ್ಟಿ ಹಿಡಕೊಂಡು ಏಳ್ತಿತ್ತು, ಹಾರ್ವಿ ಅಂತ ಅದರ ಹೆಸರು. ಹೇಸರಗತ್ತಿಗೆ ತನ್ನದ ಹೆಸರಿಟ್ಟು ಚಾರ್ಲಿ ಓ ಅಂತ ಮ್ಯಾಸ್ಕಾಟ್ ಮಾಡಿದ್ದ. ಯಾಂಕೀಸ್ ಗೆಲ್ಲೂದು ಅವರ ರೈಟ್ ಫೀಲ್ಡ್ ಗೋಡಿ ಬ್ಯಾಟರ್‌ನಿಂದ ಬರೇ 296 ಅಡಿ ದೂರ ಇರೂದಕ್ಕ ಅಂತ ತಲಿಗೆ ಹೊಕ್ಕು ಇಲ್ಲೂ ಗೋಡಿ ಒಳಗ ಎಳದು 296 ಮಾಡಿದ, ಲೀಗ್‌ನವರು 325ಕ್ಕಿಂತ ಕಡಿಮಿ ಇರಬಾರದು ತಗೀ ಅಂದ್ರು. 1964ರಾಗ ಬೀಟಲ್ಸ್‌ನ ಕರಸಾಕ ಒಂದೂವರೆ ಲಕ್ಷ ಡಾಲರ್ ಕೊಟ್ಟ, ಟಿಕೆಟ್ ಹಿಂದ ಬೀಟಲ್ಸ್ ವಿಗ್ ಹಾಕ್ಕೊಂಡ ತನ್ನದ ಫೋಟೋ. ಎಲ್ಲಾಕಿಂತ ಛಲೋ ನಾಟಕ 1965 ಸೆಪ್ಟೆಂಬರ್ 25ಕ್ಕ, 59 ವರ್ಷದ ಸ್ಯಾಚಲ್ ಪೇಜ್‌ನ ಕರದು ಬಾಸ್ಟನ್ ರೆಡ್ ಸಾಕ್ಸ್ ಮ್ಯಾಲೆ ಪಿಚ್ ಮಾಡಿಸಿದ. ಬುಲ್‌ಪೆನ್‌ನಾಗ (ಪಿಚರ್‌ಗಳು ಕಾಯೂ ಜಾಗ) ತೂಗೂ ಕುರ್ಚಿ, ಬಾಜೂಕ ನರ್ಸ್, ನಗಸಾಕ ಮಾಡಿದ್ದು. ಆ ಅಜ್ಜ ಎದ್ದು ಬಂದು ಮೂರು ಇನಿಂಗ್ ಒಂದೂ ರನ್ ಕೊಡಲಾರದ ಹಾಕಿ ಹೋದ ನೋಡ್ರಿ. ನಗಾಂವ್ರ ಬಾಯಿ ಬಂದ್.

ಡಬ್ಲಿನ್_ದೋಸೆ
59 ವರ್ಷಕ್ಕೆ!! ನಮ್ಮನೇಲಿ 40ಕ್ಕೇ ಬೆನ್ನು ಹಿಡ್ಕೊಂಡು ಕೂತಿದಾರೆ.

ಹುಬ್ಬಳ್ಳಿ_ಹುಡ್ಗ
😂 ಮುಂದ ಕೇಳ್ರಿ ಅಕ್ಕಾರ. ಫಿನ್ಲೀ ಬಂದ ದಿನದಿಂದನ ಡಲ್ಲಾಸ್‌ಗ ಹೋಗ್ತೀನಿ, ಲೂಯಿವಿಲ್‌ಗ ಹೋಗ್ತೀನಿ ಅನ್ಕೋತ ಊರಿಗೆ ಹೆದರಿಸ್ಕೋತ ಇದ್ದ. ಹಳಬ ಅಣ್ಣಾವ್ರು ಹೇಳಿದಂಗ ಅದ ರಾಗ, ಸ್ಟೇಡಿಯಂ ಸರಿ ಇಲ್ಲ, ಜನ ಬರೂದಿಲ್ಲ. 1967ರಾಗ ಓಕ್‌ಲ್ಯಾಂಡಿಗೆ ಹೋಗಾಕ ಲೀಗ್ ಒಪ್ಪಿದ ಮ್ಯಾಲೆ ನಮ್ಮ ಸೆನೆಟರ್ ಸೈಮಿಂಗ್ಟನ್ ಅಂದ್ರಂತ, ಹಿರೋಶಿಮಾ ಆದಮ್ಯಾಲೆ ಓಕ್‌ಲ್ಯಾಂಡಿನಷ್ಟು ಅದೃಷ್ಟದ ಊರು ಇನ್ನೊಂದಿಲ್ಲ ಅಂತ. ಮತ್ತ ಅದ ಸ್ಟೇಡಿಯಂನಾಗ 1969ರಿಂದ ರಾಯಲ್ಸ್ ಅಂತ ಹೊಸಾ ಟೀಮು ನಾಲ್ಕು ವರ್ಷ ಆಡ್ತು.

ಹೇವರ್ಡ್_ಹಳಬ
ನೋಡಿದ್ಯಾ ಅಯ್ಯಾ. ಫಿಲಡೆಲ್ಫಿಯಾದಲ್ಲಿ ಇವರು ಬಿಟ್ಮೇಲೆ ಫಿಲ್ಲೀಸ್ ಆಡ್ತು, ಕಾನ್ಸಸ್ ಸಿಟಿಲಿ ಇವರು ಬಿಟ್ಮೇಲೆ ರಾಯಲ್ಸ್ ಆಡ್ತು, ಇಲ್ಲಿ ಇವರು ಬಿಟ್ಮೇಲೆ 2025ರಲ್ಲಿ ಓಕ್‌ಲ್ಯಾಂಡ್ ರೂಟ್ಸ್ ಸಾಕರ್ ಆಡ್ತು, ತಂಗಿ ಹೋಗಿ ಕ್ರಿಕೆಟ್ಟೇ ನೋಡ್ಕೊಂಡ್ ಬಂದ್ಲು. ಮೂರು ಊರಲ್ಲೂ ಆಡೋಕೆ ಯೋಗ್ಯ ಇಲ್ಲ ಅಂತ ಇವರು ಬಿಟ್ಟ ಜಾಗದಲ್ಲಿ ಬೇರೆಯೋರು ಆಡಿದಾರೆ.

ಅಂಕಿಅಂಶ_ಅಯ್ಯ
ಆಡಿದ್ರು ಸರಿ, ಎಷ್ಟು ದಿನ? ರಾಯಲ್ಸ್ 1973ಕ್ಕೆ ಹೊಸ ಸ್ಟೇಡಿಯಂಗೆ ಹೋಯ್ತು, ಫಿಲ್ಲೀಸ್ 1971ಕ್ಕೆ. ತಾತ್ಕಾಲಿಕವಾಗಿ ಆಡೋದು ಬೇರೆ, ವರ್ಷಕ್ಕೆ 81 ಹೋಮ್ ಮ್ಯಾಚ್ ನಡೆಸೋದು ಬೇರೆ ಸಾರ್. ಓನರ್‌ಗಳು ಕೆಟ್ಟೋರೇ ಇರಬಹುದು, ಹಾಗಂತ ಸ್ಟೇಡಿಯಂ ಒಳ್ಳೇದಾಗಿಬಿಡಲ್ಲ. ಮತ್ತೆ ಸಿಟಿಯೋರು ರೈಡರ್ಸ್‌ಗೆ ಅಂತ ಒಮ್ಮೆ ಸಾಲ ಮಾಡಿ ಸುಟ್ಕೊಂಡಿದ್ರು, ಇನ್ನೊಮ್ಮೆ ಕೈಬಿಚ್ಚೋಕೆ ಹೆದರಿದ್ರು, ಅದ್ರಲ್ಲಿ ತಪ್ಪೇನಿಲ್ಲ ಆದ್ರೆ ಪರಿಣಾಮ ಇದೇ.

ಕುಡ್ಲ_ಟು_ಸ್ಯಾಕ್ರಮೆಂಟೋ
ಇಷ್ಟು ಹೊತ್ತು ಸುಮ್ಮನೆ ಓದ್ತಾ ಇದ್ದೆ ಮಾರಾಯ್ರೆ. ಆ ಟೀಮು ಈಗ ನಮ್ಮ ಊರಲ್ಲಿ ಉಂಟು, ಯಾರೂ ಕೇಳುದೇ ಇಲ್ಲ! ವೇಗಸ್ ಸ್ಟೇಡಿಯಂ 2028ಕ್ಕೆ ಅಂತ ಹೇಳುದು, ಅಲ್ಲಿವರೆಗೆ ವೆಸ್ಟ್ ಸ್ಯಾಕ್ರಮೆಂಟೋದ ಸಟರ್ ಹೆಲ್ತ್ ಪಾರ್ಕ್. ಅದು ರಿವರ್ ಕ್ಯಾಟ್ಸ್ ಅಂತ ಮೈನರ್ ಲೀಗ್ ಟೀಮಿಂದು, 2000ದಲ್ಲಿ ಕಟ್ಟಿದ್ದು, 14 ಸಾವಿರ ಜನ ಹಿಡೀತದೆ ಅಷ್ಟೇ. 2025 ಮಾರ್ಚ್ 31ಕ್ಕೆ ಮೊದಲ ಮ್ಯಾಚು, ಕಬ್ಸ್ ಕೈಲಿ 18–3 ಪೆಟ್ಟು ತಿಂದ್ರು, ಎಂತ ಶುಭಾರಂಭ! ಲಾಕರ್ ರೂಮು ಔಟ್‌ಫೀಲ್ಡ್ ಆಚೆ ಇರುದು, ಹಾಗಾಗಿ ಆಟದ ಮಧ್ಯೆ ತೆಗೆದ ಪಿಚರ್ ಪಾಪ ಎಲ್ಲರ ಎದುರು ಮೈದಾನ ಉದ್ದಕ್ಕೂ ನಡೆದು ಹೋಗ್ಬೇಕು. ಜುಲೈ ಬಿಸಿಲಲ್ಲಿ ಮಧ್ಯಾಹ್ನ ಕೂತ್ಕೊಳ್ಳುವ ಹಾಗೇ ಇಲ್ಲ, ಮೊದಲು ಪ್ಲಾಸ್ಟಿಕ್ ಹುಲ್ಲು ಹಾಕ್ತೇವೆ ಅಂದವರು ಆ ಸೆಕೆಗೆ ಹೆದರಿ ನಿಜವಾದ ಹುಲ್ಲೇ ಇಟ್ಟದ್ದು. ತಮಾಷೆ ಎಂತ ಅಂದ್ರೆ ಟೀಮಿನ ಹೆಸರಲ್ಲಿ ಊರೇ ಇಲ್ಲ, ಬರೀ ಅಥ್ಲೆಟಿಕ್ಸ್. ಒಂದು ತೋಳಲ್ಲಿ ಸ್ಯಾಕ್ರಮೆಂಟೋ ಪ್ಯಾಚ್, ಇನ್ನೊಂದು ತೋಳಲ್ಲಿ ಲಾಸ್ ವೇಗಸ್. ಬಾಡಿಗೆ ಮನೆಗೆ ಬಂದವ ಬಾಗಿಲಿಗೆ ಮುಂದಿನ ಮನೆ ಅಡ್ರೆಸ್ ಬರ್ದು ಹಾಕಿದ ಹಾಗೆ.

ಆದ್ರೂ ಒಂದು ಮಾತು, ಸಣ್ಣ ಮೈದಾನ ಅಲ್ವಾ, ಆಟಗಾರರು ತೀರಾ ಹತ್ತಿರ ಕಾಣ್ತಾರೆ, ಮಕ್ಕಳಿಗೆ ಖುಷಿ. ನಾನು ಹೋಗ್ತೇನೆ.

ಹೇವರ್ಡ್_ಹಳಬ
ನೀವು ಹೋಗಿ ಮಾರಾಯ್ರೆ, ನಿಮ್ಮ ಮೇಲೆ ಕೋಪ ಇಲ್ಲ. ನಾನಂತೂ ಆ ಟೀಮ್ ನೋಡೋದು ಬಿಟ್ಟೆ. ವೆಸ್ಟ್ ಓಕ್‌ಲ್ಯಾಂಡ್‌ನ ರೈಮಂಡಿ ಪಾರ್ಕ್‌ನಲ್ಲಿ ಬ್ಯಾಲರ್ಸ್ ಅಂತ ಹೊಸ ಟೀಮು 2024ರಿಂದ ಆಡ್ತಿದೆ, ಸಣ್ಣ ಲೀಗು, ಕೊಲಿಸಿಯಂನಲ್ಲಿ ಡ್ರಮ್ ಬಾರಿಸ್ತಿದ್ದ ಗುಂಪೇ ಅಲ್ಲೂ ಬರುತ್ತೆ. ತಂಗಿ, ಮಕ್ಕಳಿಗೆ ಬೇಸ್‌ಬಾಲ್ ತೋರಿಸ್ಬೇಕು ಅಂದ್ರೆ ಅಲ್ಲಿಗೆ ಕರ್ಕೊಂಡ್ ಬಾ, ಟಿಕೆಟ್ ಕಮ್ಮಿ.

ಡಬ್ಲಿನ್_ದೋಸೆ
ಖಂಡಿತ ಅಣ್ಣ. ಕಡೇ ಪ್ರಶ್ನೆ, ಆ ಹಳೇ ಎರಡು ಸ್ಟೇಡಿಯಂ ಈಗ ನೋಡೋಕೆ ಸಿಗುತ್ತಾ? ನಮ್ಮ ನಾದಿನಿ ಫಿಲಡೆಲ್ಫಿಯಾ ಹತ್ರಾನೇ ಇರೋದು.

ಹುಬ್ಬಳ್ಳಿ_ಹುಡ್ಗ
ನಮ್ಮದು 1976ರಾಗ ಕೆಡವ್ಯಾರಿ. ಈ ಕಡೆ ಬಂದ್ರ ನೀಗ್ರೋ ಲೀಗ್ಸ್ ಬೇಸ್‌ಬಾಲ್ ಮ್ಯೂಸಿಯಂ ನೋಡ್ರಿ, 18ನೇ ಬೀದಿ ವೈನ್ ಸ್ಟ್ರೀಟ್ ಕಡೆ ಅದ, ಹಳೇ ಮೈದಾನದ ಜಾಗಕ್ಕೂ ದೂರ ಇಲ್ಲ. ಅರ್ಧಾ ದಿನ ಇಟ್ಕೊಂಡ್ ಹೋಗ್ರಿ, ಗಡಬಡಿ ಮಾಡಬ್ಯಾಡ್ರಿ.

ಫಿಲ್ಲಿ_ಪುಟ್ಟಿ
ನಮ್ಮದನ್ನೂ ಅದೇ 1976ರಲ್ಲೇ ಕೆಡವಿದ್ದು. ಅದಕ್ಕೂ ಮುಂಚೆ ಜನಾನೇ ಅರ್ಧ ಕೆಡವಿದ್ರು ಅಕ್ಕ, 1970 ಅಕ್ಟೋಬರ್ 1, ಫಿಲ್ಲೀಸ್ ಕಡೇ ಮ್ಯಾಚ್‌ಗೆ ಬಂದೋರಿಗೆ ನೆನಪಿಗೆ ಅಂತ ಸೀಟಿನ ಮರದ ಪಟ್ಟಿ ಹಂಚಿದ್ರು, ಅದೇ ಪಟ್ಟಿ ಹಿಡ್ಕೊಂಡು ಜನ ಮಿಕ್ಕ ಸೀಟನ್ನೆಲ್ಲ ಒಡೆದು ಕಿತ್ತು ಮನೆಗೆ ಹೊತ್ಕೊಂಡು ಹೋದ್ರು, ಹುಲ್ಲೂ ಬಿಡ್ಲಿಲ್ಲ. ಮರುವರ್ಷ ಆಗಸ್ಟ್‌ನಲ್ಲಿ ಬೆಂಕಿ ಬಿತ್ತು. ಈಗ 21ನೇ ಬೀದಿ ಲೀಹೈ ಅವೆನ್ಯೂನಲ್ಲಿ ದೊಡ್ಡ ಚರ್ಚ್ ಇದೆ. ಕಾನೀ ಮ್ಯಾಕ್ ಪ್ರತಿಮೆ ನೋಡ್ಬೇಕಾದ್ರೆ ಸೌತ್ ಫಿಲಡೆಲ್ಫಿಯಾದಲ್ಲಿ ಫಿಲ್ಲೀಸ್‌ನ ಈಗಿನ ಸ್ಟೇಡಿಯಂ ಹತ್ರ ಹೋಗ್ಬೇಕು, ಬ್ರಾಡ್ ಸ್ಟ್ರೀಟ್ ಸಬ್‌ವೇ ಹತ್ತಿ ದಕ್ಷಿಣದ ಕಡೇ ಸ್ಟೇಷನ್‌ನಲ್ಲಿ ಇಳೀರಿ, ಅಲ್ಲಿಂದ ನಡೆದೇ ಹೋಗ್ಬಹುದು. ಮ್ಯಾಚ್ ಇರೋ ದಿನ ಕಾರ್ ತಗೊಂಡ್ ಹೋಗ್ಬೇಡಿ ಅಂತ ನಾದಿನಿಗೆ ಹೇಳಿ, ಪಾರ್ಕಿಂಗ್ ರೇಟ್ ನೋಡಿ ಬೈತಾರೆ.